ಎರಡು ಬೇರೆ ಅಲ್ಯೂಮಿನಿಯಂ ಸೇರಿಸುವುದು: ಟಿಗ್, ಮಿಗ್, ರಿವೆಟ್, ಫ್ರಿಕ್ಷನ್ ಸ್ಟರ್‌ನಲ್ಲಿ ಯಾವ ಜೋಡಿಗೆ ಯಾವುದು?

ದಾವಣಗೆರೆ, ಹರಿಹರದ ವರ್ಕ್‌ಶಾಪ್‌ಗಳಿಗೆ ಅಲ್ಯೂಮಿನಿಯಂ ಕೆಲಸ ಈಗ ಮೊದಲಿಗಿಂತ ಜಾಸ್ತಿ ಬರುತ್ತಿದೆ. ಬಸ್ ಬಾಡಿಯ ಪಟ್ಟಿ, ಟ್ರಾಲಿಯ ಸೈಡ್ ಪ್ಲೇಟ್, ಸೋಲಾರ್ ಫ್ರೇಮ್, ಬ್ಯಾಟರಿ ಬಾಕ್ಸ್, ಅವಲಕ್ಕಿ ಮಿಲ್ಲಿನ ಕವರ್. ಇವುಗಳ ಜೊತೆಗೆ ಯುಬಿಡಿಟಿ, ಬಿಐಇಟಿಯಂಥ ಕಾಲೇಜುಗಳ ಕೊನೆ ವರ್ಷದ ಹುಡುಗರು ಪ್ರಾಜೆಕ್ಟ್ ಹಿಡಿದು ಬರುತ್ತಾರೆ. ಎಲ್ಲರೂ ಕೇಳುವುದು ಒಂದೇ: 'ಸರ್, ಯಾವ ವೆಲ್ಡಿಂಗ್ ಒಳ್ಳೇದು?' ಟಿಗ್, ಮಿಗ್ ಎರಡೂ ವಿದ್ಯುತ್ ಆರ್ಕ್‌ನಿಂದ ಲೋಹ ಕರಗಿಸಿ ಸೇರಿಸುವ ವಿಧಾನ. ಟಿಗ್‌ನಲ್ಲಿ ಕರಗಿ ತುಂಬುವ ರಾಡನ್ನು (ಫಿಲ್ಲರ್) ಕೈಯಿಂದ ಕೊಡುತ್ತೇವೆ, ಮಿಗ್‌ನಲ್ಲಿ ವೈರ್ ಗನ್‌ನಿಂದ ತಾನೇ ಬರುತ್ತದೆ. ಫ್ರಿಕ್ಷನ್ ಸ್ಟರ್ ಅಂದರೆ ಕರಗಿಸದೆ, ಉಜ್ಜಿ ತಿರುವಿ ಸೇರಿಸುವುದು.

ಹಾಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಎರಡು ಅಲ್ಯೂಮಿನಿಯಂ ಸೇರಿಸುತ್ತಿದ್ದೀರಿ ಅನ್ನುವುದು ಮೊದಲು ಗೊತ್ತಾಗಬೇಕು. ಬಿಸಿ ತಾಗಿದ ಮೇಲೆ ಆ ಎರಡರಲ್ಲಿ ಯಾವುದು ಮೊದಲು ಸೋಲುತ್ತದೆ ಅನ್ನುವುದು ಆಮೇಲಿನ ಪ್ರಶ್ನೆ. ಇವೆರಡು ಗೊತ್ತಾದರೆ ವಿಧಾನ ಆರಿಸುವುದು ಅಷ್ಟೇನೂ ಕಷ್ಟವಲ್ಲ. ಗೊತ್ತಿಲ್ಲದಿದ್ದರೆ ಎಷ್ಟು ದುಬಾರಿ ಮೆಷಿನ್ ಇದ್ದರೂ ಜಾಬ್ ಬಿರುಕು ಬಿಡುತ್ತದೆ.

ಕೈಯಲ್ಲಿರುವುದು ಯಾವ ಪ್ಲೇಟ್?

ನಂಬರ್‌ನ ಮೊದಲ ಅಂಕಿ ನೋಡಿ. 5052, 5083 ಇವು ಮೆಗ್ನೀಶಿಯಂ ಇರುವ ಜಾತಿ. ಹೀಟ್ ಟ್ರೀಟ್‌ಮೆಂಟ್‌ನಿಂದ ಇವುಗಳ ಬಲ ಏರುವುದಿಲ್ಲ, ಬಲ ಬರುವುದು ಮೆಗ್ನೀಶಿಯಂನಿಂದ ಮತ್ತು ರೋಲಿಂಗ್‌ನ ಗಡಸುತನದಿಂದ. 6061, 6063ರಲ್ಲಿ ಮೆಗ್ನೀಶಿಯಂ ಜೊತೆ ಸಿಲಿಕಾನ್ ಇದೆ. ಇವುಗಳ ಬಲ ಬರುವುದು ಹೀಟ್ ಟ್ರೀಟ್‌ಮೆಂಟ್‌ನಿಂದ. ಟಿ6 ಅಂತ ಬರೆದಿರುವುದು ಅದಕ್ಕೇ. 2024ರಲ್ಲಿ ತಾಮ್ರ, 7075ರಲ್ಲಿ ಸತುವು ಮತ್ತು ಸ್ವಲ್ಪ ತಾಮ್ರ. ಎಲ್‌ಎಂ6, ಎಲ್‌ಎಂ25 ಅಂದರೆ ಸಿಲಿಕಾನ್ ಜಾಸ್ತಿ ಇರುವ ಎರಕ.

ಕಷ್ಟ ಏನಪ್ಪಾ ಅಂದರೆ, ಗುಜರಿಯಿಂದ ತಂದ ತುಂಡಿನ ಮೇಲೆ ನಂಬರೇ ಇರುವುದಿಲ್ಲ. ಅಂಗಡಿಯವರು '6061 ಇದು' ಎಂದರೆ ಅಷ್ಟಕ್ಕೇ ನಂಬಬೇಡಿ. ಒಂದು ಮೂಲೆಯನ್ನು ಎಮರಿ ಪೇಪರ್‌ನಿಂದ ಹೊಳೆಯುವಂತೆ ಉಜ್ಜಿ. ನೂರು ಎಂಎಲ್ ನೀರಿಗೆ ಹತ್ತು ಗ್ರಾಂ ಕಾಸ್ಟಿಕ್ ಸೋಡಾ ಹಾಕಿ ಕರಗಿಸಿ, ಅದರ ಒಂದೆರಡು ಹನಿ ಬಿಡಿ. ಸ್ವಲ್ಪ ಹೊತ್ತು ನೊರೆ ಬರುತ್ತದೆ. ಆಮೇಲೆ ತೊಳೆದು ನೋಡಿ. ಹನಿ ಬಿದ್ದ ಜಾಗ ಕಪ್ಪಾಗಿದ್ದರೆ ತಾಮ್ರ ಇದೆ, ಅಂದರೆ 2024 ಅಥವಾ 7075ರ ಗುಂಪು. ಬೆಳ್ಳಗೇ ಉಳಿದಿದ್ದರೆ 5000 ಅಥವಾ 6000ದ ಗುಂಪು. ಎರಕವಾದರೆ ಬೂದು ಬಣ್ಣಕ್ಕೆ ತಿರುಗುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಇದನ್ನು ಮಾಡಬೇಡಿ, ಕಾಸ್ಟಿಕ್ ಚರ್ಮ ಸುಡುತ್ತದೆ, ಕಣ್ಣಿಗೆ ಹಾರಿದರೆ ಇನ್ನೂ ಅಪಾಯ. ಸೋಡಾವನ್ನು ನೀರಿಗೆ ಹಾಕಬೇಕು, ಸೋಡಾ ಮೇಲೆ ನೀರು ಸುರಿಯಬಾರದು.

ಈ ಪರೀಕ್ಷೆಯಿಂದ 5083 ಯಾವುದು, 6061 ಯಾವುದು ಅಂತ ಬೇರೆ ಮಾಡಲು ಆಗುವುದಿಲ್ಲ. ಆದರೆ ದೊಡ್ಡ ಅನಾಹುತ ತಪ್ಪುತ್ತದೆ. ಕಪ್ಪಾದ ತುಂಡಿಗೆ ಟಿಗ್ ಟಾರ್ಚ್ ಹಿಡಿಯಬಾರದು ಅಂತ ಗೊತ್ತಾದರೆ ಅರ್ಧ ಕೆಲಸ ಆದಂತೆ.

ಬಿಸಿ ತಾಗಿದ ಮೇಲೆ ಉಳಿಯುವ ಬಲ

6061-ಟಿ6 ಪ್ಲೇಟಿನ ಎಳೆತದ ಬಲ ಸುಮಾರು 310 ಎಂಪಿಎ (ಮೆಗಾಪ್ಯಾಸ್ಕಲ್, ಅಂದರೆ ಒಂದು ಚದರ ಮಿ.ಮೀ.ಗೆ ಇಷ್ಟು ನ್ಯೂಟನ್). ರೋಲಿಂಗ್‌ನಿಂದ ಗಡಸಾದ 5083-ಎಚ್116 ಪ್ಲೇಟಿನದು ಸುಮಾರು 317. ಕಾಗದದ ಮೇಲೆ ಎರಡೂ ಅಣ್ಣ-ತಮ್ಮ. ಎರಡನ್ನೂ ಟಿಗ್ ಅಥವಾ ಮಿಗ್ ಮಾಡಿ ಆಮೇಲೆ ನೋಡಿ. ಡಿಸೈನ್ ಲೆಕ್ಕಕ್ಕೆ 5083 ಜಾಯಿಂಟನ್ನು ಸುಮಾರು 275ಕ್ಕೆ ಹಿಡಿಯಬಹುದು. 6061ನ್ನು ಹಿಡಿಯಬೇಕಾದದ್ದು ಬರೀ 165ಕ್ಕೆ! ಬಿಸಿ ತಾಗಿದ ಪಟ್ಟಿಯಲ್ಲಿ ಟಿ6ನ ಗಡಸುತನ ಕರಗಿ ಹೋಗಿರುತ್ತದೆ. ವೆಲ್ಡ್ ಎಷ್ಟೇ ಚೆನ್ನಾಗಿ ಬಿದ್ದಿರಲಿ, ಎಳೆದಾಗ ಹರಿಯುವುದು ವೆಲ್ಡ್ ಪಕ್ಕದ ಆ ಮೆತ್ತಗಿನ ಪಟ್ಟಿಯಲ್ಲೇ.

ಹಾಗಾಗಿ 5083 ಮತ್ತು 6061 ಸೇರಿಸುವಾಗ ಲೆಕ್ಕ ಹಾಕಬೇಕಾದದ್ದು 6061ರ ಕಡೆಯಿಂದ. ಬೆಲೆ ಜಾಸ್ತಿಯ 5083 ಹಾಕಿದ್ದೇನೆ, ಜಾಯಿಂಟ್ ಗಟ್ಟಿಯಾಗುತ್ತದೆ ಅನ್ನುವ ನಂಬಿಕೆ ಇಲ್ಲಿ ನಡೆಯುವುದಿಲ್ಲ.

7075 ಮತ್ತು 2024ರ ತೊಂದರೆಯೇ ಬೇರೆ. 7075 ಕರಗಲು ಶುರುವಾಗುವುದು ಸುಮಾರು 477 ಡಿಗ್ರಿ ಸೆಲ್ಸಿಯಸ್‌ಗೆ, ಪೂರ್ತಿ ಕರಗುವುದು 635ಕ್ಕೆ. ನಡುವೆ ಅಷ್ಟು ದೊಡ್ಡ ಅಂತರ ಇರುವುದರಿಂದ ಲೋಹ ತಣ್ಣಗಾಗುವಾಗ ಅರ್ಧ ಗಟ್ಟಿ, ಅರ್ಧ ದ್ರವವಾಗಿ ತುಂಬಾ ಹೊತ್ತು ಇರುತ್ತದೆ. ಅದೇ ಹೊತ್ತಿನಲ್ಲಿ ಕುಗ್ಗುತ್ತಲೂ ಇರುತ್ತದೆ. ಆಗ ಕಣಗಳ ನಡುವೆ ಬಿರುಕು ಬಿಡುತ್ತದೆ. ವೆಲ್ಡರ್ ಕೈ ಎಷ್ಟು ಪಳಗಿದ್ದರೂ ಇದನ್ನು ತಡೆಯುವುದು ಕಷ್ಟ. ತಪ್ಪು ವೆಲ್ಡರ್‌ದಲ್ಲ, ಆ ಲೋಹದ ಗುಣವೇ ಅದು.

ಟಿಗ್ ಮತ್ತು ಮಿಗ್

ನಮ್ಮೂರಿಗೆ ಬರುವ ಬಹುಪಾಲು ಜಾಬ್‌ಗೆ ಇವೇ ಸಾಕು. ಇದನ್ನು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ. 5052 ಜೊತೆ 6061, 5083 ಜೊತೆ 6063, ಮೂಲೆ ಜಾಯಿಂಟ್, ಟಿ ಜಾಯಿಂಟ್, ಪೈಪ್ ಸುತ್ತ ಹಾಕುವ ವೆಲ್ಡ್, ಒಂದೋ ಎರಡೋ ಪೀಸ್. ಇಂಥದ್ದಕ್ಕೆ ಫ್ರಿಕ್ಷನ್ ಸ್ಟರ್ ಹುಡುಕಿಕೊಂಡು ಹೋಗುವುದು ಸುಮ್ನೆ ದುಡ್ಡು ದಂಡ.

ಟಿಗ್ ಮಾಡುವಾಗ ಎಸಿ ಕರೆಂಟ್, ಶುದ್ಧ ಆರ್ಗಾನ್. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗಿದರೆ ಅದರ ಮೇಲಿನ ಆಕ್ಸೈಡ್ ಪದರ ಕರಗಲು 2000 ಡಿಗ್ರಿ ದಾಟಬೇಕು. ಎಸಿ ಆರ್ಕ್ ಆ ಪದರವನ್ನು ಒಡೆದು ಹಾಕುತ್ತದೆ. ಅದಕ್ಕೂ ಮೊದಲು ಅಸಿಟೋನ್‌ನಿಂದ ಒರೆಸಿ, ಆಮೇಲೆ ಸ್ಟೇನ್‌ಲೆಸ್ ಸ್ಟೀಲ್ ಬ್ರಷ್‌ನಿಂದ ಉಜ್ಜಲೇಬೇಕು. ಎಣ್ಣೆ, ತೇವ ಇದ್ದರೆ ಹೈಡ್ರೋಜನ್ ಸೇರಿ ವೆಲ್ಡ್ ತುಂಬಾ ಸೂಜಿ ತೂತು ಆಗುತ್ತವೆ. ಮಳೆಗಾಲದಲ್ಲಿ ಫಿಲ್ಲರ್ ರಾಡನ್ನು ತೆರೆದ ಡಬ್ಬದಲ್ಲಿ ಇಡಬೇಡಿ.

ಫಿಲ್ಲರ್ ವಿಷಯದಲ್ಲಿ ಜನ ಎಡವುವುದು ಜಾಸ್ತಿ. 4043 (ಸಿಲಿಕಾನ್ ಇರುವ ರಾಡ್) ಸಲೀಸಾಗಿ ಹರಿಯುತ್ತದೆ ಅಂತ ಎಲ್ಲದಕ್ಕೂ ಅದನ್ನೇ ಹಾಕುತ್ತಾರೆ. 5083ಕ್ಕೆ 4043 ಬೇಡ. ಅದರ ಸಿಲಿಕಾನ್ ಮತ್ತು ಪ್ಲೇಟಿನ ಮೆಗ್ನೀಶಿಯಂ ಸೇರಿ ವೆಲ್ಡ್ ಪೆಡಸಾಗುತ್ತದೆ. 5083–6061 ಜೋಡಿಗೆ ಮೆಗ್ನೀಶಿಯಂ ಇರುವ 5356 ರಾಡ್ ಹಾಕಿ. 6061 ಜೊತೆ ಎರಕದ ತುಂಡು ಸೇರಿಸುವುದಾದರೆ ಆಗ 4043 ಸರಿ. ಇನ್ನೊಂದು ಮಾತು: ಸದಾ 65 ಡಿಗ್ರಿ ಮೀರಿದ ಬಿಸಿಯಲ್ಲಿ ಕೆಲಸ ಮಾಡುವ ಭಾಗಕ್ಕೆ 5083 ಪ್ಲೇಟೂ ಬೇಡ, 5356 ರಾಡೂ ಬೇಡ. ಮೆಗ್ನೀಶಿಯಂ 3 ಶೇಕಡಕ್ಕಿಂತ ಜಾಸ್ತಿ ಇದ್ದರೆ ಆ ಬಿಸಿಯಲ್ಲಿ ನಿಧಾನವಾಗಿ ತುಕ್ಕಿನ ಬಿರುಕು ಬರುವ ಅಪಾಯ ಇದೆ.

ಟಿಗ್‌ಗೂ ಮಿಗ್‌ಗೂ ನಡುವೆ ಆಯ್ಕೆ ಸುಲಭ. ತೆಳು ಪ್ಲೇಟು, ನೋಟ ಮುಖ್ಯ ಎಂದರೆ ಟಿಗ್. ದಪ್ಪ ಪ್ಲೇಟು, ಉದ್ದ ವೆಲ್ಡು ಎಂದರೆ ಮಿಗ್, ವೈರಿನ ಸುರುಳಿ ಗನ್‌ನಲ್ಲೇ ಇರುವ ಸ್ಪೂಲ್ ಗನ್ ಇದ್ದರೆ ಇನ್ನೂ ಒಳ್ಳೇದು. ಮೆತ್ತಗಿನ ಅಲ್ಯೂಮಿನಿಯಂ ವೈರ್ ಉದ್ದ ಪೈಪಿನಲ್ಲಿ ಸಿಕ್ಕಿಕೊಂಡು ಗಂಟಾಗುವುದು ತಪ್ಪುತ್ತದೆ.

ರಿವೆಟ್, ಬೋಲ್ಟ್

ಇದನ್ನು ಹಳೇ ಕಾಲದ್ದು ಅಂತ ಬದಿಗೆ ಸರಿಸುವುದು ನ್ಯಾಯವಲ್ಲ. ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್ ಇದೆ. 2024ನೇ ಇಸವಿಯಲ್ಲಿ ಇಸ್ರೊದ ರೆಕ್ಕೆಯ ಮರುಬಳಕೆ ವಾಹನ ಪುಷ್ಪಕ್ ಇಳಿದದ್ದು ಅಲ್ಲಿನ ರನ್‌ವೇ ಮೇಲೆಯೇ. ವಿಮಾನದ ಮೈಮೇಲೆ ಸಾಲು ಸಾಲು ರಿವೆಟ್ ಯಾಕಿರುತ್ತವೆ ಅಂತ ಹುಡುಗರು ಕೇಳುತ್ತಾರೆ. 2024, 7075ನ್ನು ಆರ್ಕ್‌ನಿಂದ ವೆಲ್ಡ್ ಮಾಡಲು ಆಗದ್ದೇ ಅದಕ್ಕೆ ಒಂದು ದೊಡ್ಡ ಕಾರಣ. ತಾಮ್ರದ ಗುಂಪಿನಲ್ಲಿ ಎಲ್ಲವೂ ಹಾಗಲ್ಲ. 2219 ಚೆನ್ನಾಗಿ ವೆಲ್ಡ್ ಆಗುತ್ತದೆ, ಅದಕ್ಕೇ ರಾಕೆಟ್ ಟ್ಯಾಂಕ್‌ಗಳಿಗೆ ಅದನ್ನು ಬಳಸುತ್ತಾರೆ.

ರಿವೆಟ್‌ನ ದೊಡ್ಡ ಗುಣ ಎಂದರೆ ಬಿಸಿಯೇ ಇಲ್ಲ. 7075ರ 570 ಎಂಪಿಎ ಹಾಗೇ ಉಳಿಯುತ್ತದೆ. ತೂತು ಹೊಡೆದಷ್ಟು ಅಗಲ ಕಡಿಮೆಯಾಗುವುದು, ಒಂದರ ಮೇಲೊಂದು ಪ್ಲೇಟ್ ಬಂದು ತೂಕ ಏರುವುದು, ಸಂದಿಯಲ್ಲಿ ನೀರು ನಿಲ್ಲುವುದು ಇದರ ನಷ್ಟಗಳು. ಕಬ್ಬಿಣದ ಬೋಲ್ಟ್ ಹಾಕುವುದಾದರೆ ನೈಲಾನ್ ವಾಷರ್ ಮತ್ತು ಸೀಲೆಂಟ್ ಮರೆಯಬೇಡಿ. ಇಲ್ಲದಿದ್ದರೆ ಎರಡು ಮಳೆಗಾಲದಲ್ಲಿ ಬೋಲ್ಟಿನ ಸುತ್ತ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರಲು ಶುರುವಾಗುತ್ತದೆ.

ಫ್ರಿಕ್ಷನ್ ಸ್ಟರ್ ವೆಲ್ಡಿಂಗ್

1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಟಿಡಬ್ಲ್ಯುಐ ಸಂಸ್ಥೆಯಲ್ಲಿ ವೇಯ್ನ್ ಥಾಮಸ್ ಮತ್ತು ಜೊತೆಯವರು ಹುಟ್ಟುಹಾಕಿದ ವಿಧಾನ ಇದು. ಮೂಲ ಪೇಟೆಂಟಿನ ಅವಧಿ ಮುಗಿದಿದೆ. ಇದರಲ್ಲಿ ಆರ್ಕ್ ಇಲ್ಲ, ಹೊಗೆ ಇಲ್ಲ, ಅಲ್ಯೂಮಿನಿಯಂಗೆ ಫಿಲ್ಲರ್ ಬೇಡ, ಸಾಮಾನ್ಯವಾಗಿ ಗ್ಯಾಸೂ ಬೇಡ. ತುದಿಯಲ್ಲಿ ಪಿನ್ ಇರುವ ಒಂದು ಗಟ್ಟಿ ಟೂಲ್ ತಿರುಗುತ್ತಾ ಎರಡು ಪ್ಲೇಟ್ ಸೇರುವ ಗೆರೆಯೊಳಗೆ ಇಳಿಯುತ್ತದೆ. ಮೇಲಿನ ಅಗಲ ಭಾಗ, ಅಂದರೆ ಶೋಲ್ಡರ್, ಪ್ಲೇಟನ್ನು ಒತ್ತಿ ಉಜ್ಜುತ್ತದೆ. ಆ ಉಜ್ಜಾಟಕ್ಕೆ ಲೋಹ 400–500 ಡಿಗ್ರಿಗೆ ಬಿಸಿಯಾಗಿ ಮೆತ್ತಗಾಗುತ್ತದೆ, ಆದರೆ ಕರಗುವುದಿಲ್ಲ. ಕೋಲಿನಿಂದ ಮುದ್ದೆ ತಿರುವಿದ ಹಾಗೆ ಪಿನ್ ಎರಡೂ ಕಡೆಯ ಲೋಹವನ್ನು ತಿರುವಿ ಒಂದು ಮಾಡುತ್ತದೆ.

ಕರಗುವುದೇ ಇಲ್ಲ ಎಂದ ಮೇಲೆ ಕರಗಿ ಗಟ್ಟಿಯಾಗುವಾಗ ಬರುವ ಬಿರುಕಿನ ಮಾತೂ ಇಲ್ಲ. ಬೇರೆ ಬೇರೆ ಜಾತಿಯ ಅಲ್ಯೂಮಿನಿಯಂ ಸೇರಿಸಲು ಇದನ್ನು ನಾನು ಇಷ್ಟೊಂದು ಮೆಚ್ಚುವುದು ಈ ಕಾರಣಕ್ಕೆ. 7075 ಮತ್ತು 6061, 2024 ಮತ್ತು 7075, ಎರಕ ಮತ್ತು ಪ್ಲೇಟು, ಟಾರ್ಚಿಗೆ ಒಗ್ಗದ ಜೋಡಿಗಳು ಇಲ್ಲಿ ಒಗ್ಗುತ್ತವೆ.

ಆದರೆ ಜಾದೂ ಏನಿಲ್ಲ. 6061–7075 ಜೋಡಿಯ ಒಳ್ಳೆ ಜಾಯಿಂಟ್ ಎಳೆದರೆ ಸಿಗುವುದು ಸುಮಾರು 200ರಿಂದ 250 ಎಂಪಿಎ. 7075ರ 570 ಎಲ್ಲಿ ಹೋಯಿತು ಅಂತ ಕೇಳಬೇಡಿ. ಹರಿಯುವುದು 6061ರ ಕಡೆಯ ಮೆತ್ತಗಾದ ಪಟ್ಟಿಯಲ್ಲಿ. ಆರ್ಕ್‌ಗಿಂತ ಬಿಸಿ ಕಡಿಮೆ ಇರುವುದರಿಂದ ನಷ್ಟ ಕಡಿಮೆ, ಅಷ್ಟೇ.

ಯಾವ ಪ್ಲೇಟ್ ಯಾವ ಕಡೆ ಇರಬೇಕು ಅನ್ನುವುದು ಈ ಕೆಲಸದ ಜೀವಾಳ. ಟೂಲನ್ನು ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತಾ ನಿಮ್ಮಿಂದ ದೂರಕ್ಕೆ ಸಾಗುತ್ತಿದೆ ಅಂದುಕೊಳ್ಳಿ. ಎಡಗಡೆಯಲ್ಲಿ ಟೂಲ್ ತಿರುಗುವ ದಿಕ್ಕೂ ಸಾಗುವ ದಿಕ್ಕೂ ಒಂದೇ. ಅದು ಅಡ್ವಾನ್ಸಿಂಗ್ ಸೈಡ್. ಬಲಗಡೆ ರಿಟ್ರೀಟಿಂಗ್ ಸೈಡ್. ಮಿಲ್ಲಿಂಗ್ ಮೆಷಿನ್‌ನಲ್ಲಿ ಟೂಲ್ ನಿಂತಲ್ಲೇ ಇದ್ದು ಟೇಬಲ್ ಸರಿಯುವುದರಿಂದ ಇಲ್ಲಿ ತಲೆ ಕೆಡುತ್ತದೆ. ಟೇಬಲ್ ನಿಮ್ಮ ಕಡೆ ಬರುತ್ತಿದ್ದರೆ ಟೂಲ್ ನಿಮ್ಮಿಂದ ದೂರ ಹೋದಂತೆ. ಪ್ಲೇಟಿನ ಮೇಲೆ ಮಾರ್ಕರ್‌ನಿಂದ ಬರೆದುಕೊಂಡೇ ಕ್ಲ್ಯಾಂಪ್ ಮಾಡಿ. 6061–7075 ಜೋಡಿಯಲ್ಲಿ 6061 ಅಡ್ವಾನ್ಸಿಂಗ್ ಕಡೆ ಇದ್ದರೆ ಬೆರಕೆ ಚೆನ್ನಾಗಿ ಆಗುತ್ತದೆ. ಟೂಲನ್ನು ಸ್ವಲ್ಪ 7075 ಕಡೆಗೆ ಸರಿಸಿದರೆ 6061ಕ್ಕೆ ತಾಗುವ ಬಿಸಿ ತಗ್ಗಿ ಬಲ ಏರುವುದುಂಟು. ಎಲ್ಲ ಜೋಡಿಗೂ ಇದೇ ನಿಯಮ ಅಂತ ಹಿಡಿದುಕೊಳ್ಳಬೇಡಿ. ಹೊಸ ಜೋಡಿ ಬಂದಾಗ ಎರಡು ತುಂಡು ಎರಡು ರೀತಿಯಲ್ಲಿ ಮಾಡಿ ನೋಡುವುದೇ ಸರಿ.

ಇದಕ್ಕೇ ಅಂತ ಮಾಡಿದ ಮೆಷಿನ್ ದುಬಾರಿ, ಕಾಲೇಜಿಗೂ ಸಣ್ಣ ವರ್ಕ್‌ಶಾಪಿಗೂ ಎಟಕುವುದಿಲ್ಲ. ಗಟ್ಟಿಯಾದ ಹಳೇ ವರ್ಟಿಕಲ್ ಮಿಲ್ಲಿಂಗ್ ಮೆಷಿನ್‌ನಲ್ಲಿ 6 ಮಿ.ಮೀ. ದಪ್ಪದವರೆಗೆ ಕಲಿಯುವ ಕೆಲಸ ಮಾಡಬಹುದು. ಮೈಸೂರು ಕಿರ್ಲೋಸ್ಕರ್‌ನವರು ಹರಿಹರದಲ್ಲಿ ಲೇತ್ ತಯಾರಿಸುತ್ತಿದ್ದ ಕಾಲದಿಂದ ಟರ್ನಿಂಗ್, ಮಿಲ್ಲಿಂಗ್ ಬಲ್ಲ ಕೈಗಳು ನಮ್ಮ ಕಡೆ ಇವೆ. ಟೂಲ್ ಇಲ್ಲೇ ತಿರುಗಿಸಬಹುದು. ಎಚ್13 ಹಾಟ್ ಡೈ ಸ್ಟೀಲ್ ತಂದು, 6 ಮಿ.ಮೀ. ಪ್ಲೇಟಿಗೆ 18 ಮಿ.ಮೀ. ಶೋಲ್ಡರ್, 6 ಮಿ.ಮೀ. ಪಿನ್, ಉದ್ದ 5.7 ಮಿ.ಮೀ. ಇಟ್ಟು ಹಾರ್ಡನಿಂಗ್ ಮಾಡಿಸಿ. ಪಿನ್ ಮೇಲೆ ಥ್ರೆಡ್ ಹಾಕುವುದಾದರೆ, ಟೂಲ್ ಗಡಿಯಾರದ ದಿಕ್ಕಿಗೆ ತಿರುಗುವಾಗ ಥ್ರೆಡ್ ಎಡಗೈಯದ್ದಾಗಿರಬೇಕು. ಆಗ ಲೋಹ ಕೆಳಕ್ಕೆ ತಳ್ಳಲ್ಪಡುತ್ತದೆ. ಬಲಗೈ ಥ್ರೆಡ್ ಹಾಕಿದರೆ ಮೇಲಕ್ಕೆ ಎತ್ತಿ ಒಳಗೆ ಸುರಂಗ ಬಿಡುತ್ತದೆ. ಟೂಲ್ 2 ಡಿಗ್ರಿ ಹಿಂದಕ್ಕೆ ವಾಲಿರಲಿ. ಶುರುವಿಗೆ 1000 ಆರ್‌ಪಿಎಂ ಆಸುಪಾಸು, ನಿಮಿಷಕ್ಕೆ 40–60 ಮಿ.ಮೀ. ಫೀಡ್ ಇಡಿ.

ಮಿಲ್ಲಿಂಗ್ ಮೆಷಿನ್‌ಗೆ ಎರಡು ಮಿತಿ ಇದೆ. ಕೆಳಕ್ಕೆ ಒತ್ತುವ ಬಲ ಹಲವು ಸಾವಿರ ನ್ಯೂಟನ್ ಇರುತ್ತದೆ, ಸ್ಪಿಂಡಲ್ ಬೇರಿಂಗ್ ಅದಕ್ಕೆ ಮಾಡಿದ್ದಲ್ಲ. ಮತ್ತೆ ಮೆಷಿನ್‌ಗೆ ಗೊತ್ತಿರುವುದು ಎತ್ತರ ಮಾತ್ರ, ಎಷ್ಟು ಬಲದಿಂದ ಒತ್ತುತ್ತಿದ್ದೇನೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಪ್ಲೇಟ್ 0.2 ಮಿ.ಮೀ. ತಗ್ಗಿದ್ದರೂ ಶೋಲ್ಡರ್ ಒತ್ತುವುದು ಬಿಟ್ಟುಬಿಡುತ್ತದೆ. ಒಂದೇ ಉದ್ದಕ್ಕೆ ನೂರಾರು ಪೀಸ್ ಮಾಡುವ ಆರ್ಡರ್ ಬಂದರೆ ಹಳೇ ಮೆಷಿನ್ ಮೇಲೆ ಹಾಕಬೇಡಿ, ಬೆಂಗಳೂರಿನಲ್ಲಿ ಸರಿಯಾದ ಮೆಷಿನ್ ಇರುವವರ ಹತ್ತಿರ ಜಾಬ್ ವರ್ಕ್ ಕೊಡಿಸಿ.

ಆಕಾರದ ಮಿತಿಯೂ ಇದೆ. ನೇರ ಗೆರೆ, ಕೆಳಗೆ ಸ್ಟೀಲ್ ಬ್ಯಾಕಿಂಗ್ ಪ್ಲೇಟ್, ಎರಡೂ ಕಡೆ ಬಿಗಿ ಕ್ಲ್ಯಾಂಪ್ ಬೇಕೇ ಬೇಕು. ಸಂದಿ ಇರಬಾರದು, ತುಂಬಲು ಫಿಲ್ಲರ್ ಇಲ್ಲವಲ್ಲ. ಕೊನೆಯಲ್ಲಿ ಪಿನ್ ಮೇಲೆದ್ದಾಗ ಒಂದು ತೂತು ಉಳಿಯುತ್ತದೆ. ಹಾಗಾಗಿ ಜಾಬ್ ತುದಿಗೆ ಒಂದು ತುಂಡು ಪ್ಲೇಟ್ ಸೇರಿಸಿ ಅಲ್ಲಿ ಮುಗಿಸಿ, ಆಮೇಲೆ ಕತ್ತರಿಸಿ ಹಾಕಿ. ಆಟೋ, ಟ್ರಾಲಿಯ ಡೊಂಕು ಕಂಬಿಗಳಿಗೆ ಇದು ಆಗುವ ಕೆಲಸವಲ್ಲ.

ಹಾಗಾದರೆ ನಿಮ್ಮ ಜೋಡಿಗೆ ಯಾವುದು?

5083 ಅಥವಾ 5052, ಜೊತೆಗೆ 6061: ನಾಲ್ಕೂ ದಾರಿ ತೆರೆದಿವೆ. ಪೀಸ್ ಕಡಿಮೆ, ಆಕಾರ ಡೊಂಕು ಎಂದರೆ 5356 ಹಾಕಿ ಟಿಗ್ ಅಥವಾ ಮಿಗ್. ಉದ್ದ ನೇರ ಜಾಯಿಂಟ್, ಪ್ಲೇಟ್ ಸೊಟ್ಟಗಾಗಬಾರದು, ನೀರು ಸೋರಬಾರದು, ಆರ್ಡರ್ ದೊಡ್ಡದು ಎಂದರೆ ಫ್ರಿಕ್ಷನ್ ಸ್ಟರ್. ಬ್ಯಾಟರಿ ಬಾಕ್ಸಿನ ತಳ, ನೀರು ಹರಿಯುವ ಕೂಲಿಂಗ್ ಪ್ಲೇಟಿನ ಮುಚ್ಚಳ ಈ ಸಾಲಿಗೆ ಸೇರುತ್ತವೆ.

6061–7075: ಟಾರ್ಚ್ ಬೇಡವೇ ಬೇಡ. ಜಾಯಿಂಟಿನ ಮೇಲೆ ಬೀಳುವ ಭಾರ 6061 ತಡೆಯುವಷ್ಟೇ ಇದ್ದರೆ ಫ್ರಿಕ್ಷನ್ ಸ್ಟರ್. 7075ರ ಪೂರ್ತಿ ಬಲ ಬೇಕೆಂದರೆ ಬೋಲ್ಟ್ ಹಾಕಿ, 6061 ಕಡೆ ದಪ್ಪ ಏರಿಸಿ. ನನ್ನ ಕೇಳಿದರೆ, ಇಂಥ ಜಾಬ್‌ನಲ್ಲಿ ಮೊದಲು ಡ್ರಾಯಿಂಗ್ ಮಾಡಿದವರನ್ನು ಮಾತಾಡಿಸಬೇಕು. 7075 ನಿಜವಾಗಿ ಬೇಕೇ, ಎರಡೂ ಕಡೆ 6061 ಸಾಲದೇ ಅಂತ.

2024–7075: ರಿವೆಟ್. ಫ್ರಿಕ್ಷನ್ ಸ್ಟರ್ ಮಾಡಬಹುದು, ಬಲವೂ ಒಳ್ಳೆಯದೇ ಬರುತ್ತದೆ. ಆದರೆ ವೆಲ್ಡ್ ಸುತ್ತ ತುಕ್ಕು ಬೇಗ ಹಿಡಿಯುವುದರಿಂದ ಪೇಂಟು, ಕೋಟಿಂಗ್ ಬಿಟ್ಟು ಹೊರಗೆ ಇಡುವಂತಿಲ್ಲ. ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಒಳ್ಳೆ ವಿಷಯ, ಗಿರಾಕಿಯ ಜಾಬ್‌ಗೆ ಸದ್ಯಕ್ಕೆ ಬೇಡ.

ಎರಕ ಮತ್ತು 6061: ಎರಕದೊಳಗೆ ಗಾಳಿ ಗುಳ್ಳೆ ಇದ್ದರೆ ಟಿಗ್ ಮಾಡುವಾಗ ಪುಟಪುಟನೆ ಸಿಡಿದು ತೂತು ಬೀಳುತ್ತದೆ. ಫ್ರಿಕ್ಷನ್ ಸ್ಟರ್ ಆ ಗುಳ್ಳೆಗಳನ್ನೇ ಒತ್ತಿ ಮುಚ್ಚುತ್ತದೆ. ನೇರ ಜಾಯಿಂಟ್ ಆದರೆ ಕಣ್ಣು ಮುಚ್ಚಿ ಇದನ್ನೇ ಆರಿಸಿ.

ಇನ್ನೊಂದು ದಾರಿ ಇದೆ, ಕಡಿಮೆ ಜನ ಬಳಸುತ್ತಾರೆ. 6061ನ್ನು ಟಿ6 ಬದಲು ಟಿ4 ಸ್ಥಿತಿಯಲ್ಲಿ, ಅಂದರೆ ಹೀಟ್ ಟ್ರೀಟ್‌ಮೆಂಟಿನ ಕೊನೆಯ ಓವನ್ ಹಂತ ಆಗಿರದ್ದನ್ನು ಕೊಂಡು, ವೆಲ್ಡ್ ಮಾಡಿ, ಆಮೇಲೆ ಇಡೀ ಜಾಬನ್ನು 175 ಡಿಗ್ರಿಯಲ್ಲಿ 8 ಗಂಟೆ ಇಟ್ಟರೆ ಕಳೆದ ಬಲ ಬಹಳಷ್ಟು ವಾಪಸ್ ಬರುತ್ತದೆ. ಜಾಬ್ ಹಿಡಿಯುವಂಥ ಓವನ್ ಬೇಕು. ಜೊತೆಗಿರುವುದು 5083 ಆದರೆ ಇದನ್ನು ಮಾಡಬೇಡಿ, ಅದಕ್ಕೆ ಆ ಬಿಸಿ ಆಗುವುದಿಲ್ಲ ಅಂತ ಮೇಲೆ ಹೇಳಿದ್ದೇನಲ್ವಾ.

ಕೊಡುವ ಮೊದಲು ಮುರಿದು ನೋಡಿ

ಫ್ರಿಕ್ಷನ್ ಸ್ಟರ್ ವೆಲ್ಡ್ ಮೇಲಿನಿಂದ ನೋಡಿದರೆ ಸಾಮಾನ್ಯವಾಗಿ ಚೆಂದವೇ. ಅರ್ಧಚಂದ್ರದ ಸಣ್ಣ ಗೆರೆಗಳು ಸಾಲಾಗಿ ಹೊಳೆಯುತ್ತಿರುತ್ತವೆ. ತೊಂದರೆ ಇರುವುದು ಕೆಳಗೆ. ಹಾಗಾಗಿ ಮೊದಲ ಪೀಸನ್ನು ಅಡ್ಡ ಕತ್ತರಿಸಿ. ಕತ್ತರಿಸಿದ ಮುಖವನ್ನು 220ರಿಂದ 1000 ನಂಬರಿನ ಎಮರಿವರೆಗೆ ಉಜ್ಜಿ, ಅದೇ ಕಾಸ್ಟಿಕ್ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ ತೊಳೆಯಿರಿ. 6061–7075 ಆದರೆ ನೋಡಲೇ ಖುಷಿ. ಕಪ್ಪು 7075, ಬೆಳ್ಳಗಿನ 6061, ನಡುವೆ ಈರುಳ್ಳಿಯಂಥ ಸುತ್ತು ಸುತ್ತು ಪಟ್ಟಿಗಳು. ಅಡ್ವಾನ್ಸಿಂಗ್ ಕಡೆ, ಬುಡದ ಹತ್ತಿರ ಸಣ್ಣ ಕಪ್ಪು ತೂತು ಕಂಡರೆ ಅದೇ ಸುರಂಗ. ಬಿಸಿ ಸಾಲದೇ ಹೋಗಿದೆ ಅಥವಾ ಒತ್ತು ಸಾಲಲಿಲ್ಲ. ಫೀಡ್ ಇಳಿಸಿ, ಶೋಲ್ಡರನ್ನು ಇನ್ನು ಸ್ವಲ್ಪ ಒತ್ತಿ. ಪಕ್ಕದಲ್ಲಿ ರಿಬ್ಬನ್‌ನಂತೆ ಲೋಹ ಜಾಸ್ತಿ ಎದ್ದಿದ್ದರೆ ಬಿಸಿ ಅಥವಾ ಒತ್ತು ಅತಿಯಾಗಿದೆ.

ಆಮೇಲೆ 30 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ ವೈಸ್‌ಗೆ ಕಚ್ಚಿಸಿ, ವೆಲ್ಡಿನ ಬುಡ ಹೊರಗೆ ಬರುವಂತೆ ಬಗ್ಗಿಸಿ. ಬುಡದಲ್ಲಿ ಕೂದಲೆಳೆಯಂಥ ನೇರ ಬಿರುಕು ತೆರೆದರೆ ಅಲ್ಲಿ ಎರಡು ಪ್ಲೇಟು ಸೇರಿಯೇ ಇರಲಿಲ್ಲ, ಒಂದಕ್ಕೊಂದು ತಾಗಿಕೊಂಡು ಕೂತಿದ್ದವು ಅಷ್ಟೇ. ಎಕ್ಸ್‌ರೇಯಲ್ಲೂ ಇದು ಸುಲಭಕ್ಕೆ ಕಾಣುವುದಿಲ್ಲ. ಪಿನ್ ಉದ್ದ 0.1 ಮಿ.ಮೀ. ಏರಿಸಿ, ಬ್ಯಾಕಿಂಗ್ ಪ್ಲೇಟ್ ಸಪಾಟಾಗಿದೆಯೇ ನೋಡಿ, ಇನ್ನೊಂದು ಪಟ್ಟಿ ಮಾಡಿ ಮತ್ತೆ ಬಗ್ಗಿಸಿ. ಬಿರುಕಿಲ್ಲದೆ ಬಗ್ಗುವವರೆಗೆ ಗಿರಾಕಿಯ ಪ್ಲೇಟ್ ಮುಟ್ಟಬೇಡಿ.